ಓದದ ಹೆಸರು

ಹೇಳಿದರೆ ನಾಚಿಕೆ, ಹೇಳದಿದ್ದರೆ ನಿದ್ದೆಯಿಲ್ಲ. ಸಮೋವಾದ ನಮ್ಮೂರಿನ ಚರ್ಚಿನಲ್ಲಿ ನವೆಂಬರಿನ ಪ್ರತಿ ಭಾನುವಾರ, ಆ ವರ್ಷ ತೀರಿಹೋದವರ ಹೆಸರು ಓದುವವನು ನಾನು. ಹೆಸರು ಕೇಳಿದ ಕೂಡಲೇ ಆ ಮನೆಯವರು ಎದ್ದು ನಿಲ್ಲುತ್ತಾರೆ.

ಆ ವರ್ಷ ಪಟ್ಟಿಯಲ್ಲಿ ಕೊನೆಯವನು ಪೆಲೆನಾಟೊ, ಫುವಾತಿನೊ ಅತ್ತೆಯ ಮಗ. ಅವನ ದೋಣಿಯಲ್ಲಿ ನೀರೆತ್ತಿ ಚೆಲ್ಲಲು ಇಟ್ಟಿದ್ದ ಕರಟವನ್ನು ಹೇಳದೆ ತಂದವನು ನಾನು. ಮರುದಿನ ದೋಣಿ ನೀರು ತುಂಬಿ ಮುಳುಗಿತು. ಕರಟ ನನ್ನ ಮಂಚದ ಕೆಳಗೇ ಉಳಿಯಿತು, ಯಾರಿಗೂ ಹೇಳಲಿಲ್ಲ.

ಮೊದಲ ಭಾನುವಾರ ಅವನ ಹೆಸರು ಬಾಯಿಗೆ ಬರಲಿಲ್ಲ. ಅದರ ಹಿಂದಿನ ಹೆಸರಿಗೇ ನಿಲ್ಲಿಸಿ ಹಾಳೆ ಮಡಚಿದೆ. ನಾಲಿಗೆಯ ಮೇಲೆ ಸಮುದ್ರದ ಉಪ್ಪು. ತಲೆಯೆತ್ತಿದರೆ ಅತ್ತೆ ಎದ್ದು ನಿಂತಿದ್ದಳು.

ಹೊರಗೆ ನನ್ನ ಕೈ ಹಿಡಿದಳು. "ಎಷ್ಟು ಚೆನ್ನಾಗಿ ಕರೆದ್ಯೋ ಮಗಾ! ಅವನನ್ನ ಊಟಕ್ಕೆ ಕರೆದ ಹಾಗಿತ್ತು."

ಪಕ್ಕದವರೂ ತಲೆದೂಗಿದರು. ಸಂಜೆ ಸುಟ್ಟ ಕೆಸುವಿನ ಗೆಡ್ಡೆ ಕಳಿಸಿದಳು. ತಿಂದೆ, ಮಾನಗೇಡಿ ನಾನು.

ಮುಂದಿನ ಭಾನುವಾರಗಳಲ್ಲೂ ಅದೇ. ನಾನು ಓದಲಿಲ್ಲ, ಅವಳು ಎದ್ದಳು, ಬಾಯಲ್ಲಿ ಉಪ್ಪು.

ಕ್ರಿಸ್ತರಾಜನ ಹಬ್ಬ ಬಂತು. ಚರ್ಚಿನ ವರ್ಷಕ್ಕೆ ಅದೇ ಕೊನೆಯ ಭಾನುವಾರ. ಎಲ್ಲವನ್ನೂ ಒಪ್ಪಿಕೊಂಡುಬಿಡೋಣವೆಂದು ಕರಟವನ್ನು ಚೀಲದಲ್ಲಿಟ್ಟುಕೊಂಡು ಹೋದೆ. ದನಿಯೆತ್ತಿ ಓದಿದೆ: "ಪೆಲೆನಾಟೊ."

ಬಾಯಲ್ಲಿ ಉಪ್ಪಿರಲಿಲ್ಲ. ಯಾರೂ ಏಳಲಿಲ್ಲ. ಅತ್ತೆ ಬೆಂಚಿನ ಅಂಚು ಹಿಡಿದು, ಏಳಲು ಕಾಯುತ್ತ, ನನ್ನ ಬಾಯನ್ನೇ ನೋಡುತ್ತಿದ್ದಳು. ಇನ್ನೂ ಎರಡು ಸಲ ಓದಿದೆ.

ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ತಡೆದು ಕೇಳಿದಳು: "ಇವತ್ತೊಂದು ದಿನ ನನ್ನ ಮಗನ್ನ ಯಾಕೋ ಬಿಟ್ಟೆ?"