ಅರ್ಧ ಕೇಳಿದ ಮಾತು

ಪುಸ್ತಕ ಹೊಲಿಯುವುದರಲ್ಲಿ ಬೈಂಡರನ ಕೈ ಎಷ್ಟು ನಿಧಾನವೋ, ಬುದ್ಧಿ ಹೇಳುವುದರಲ್ಲಿ ಅವನ ಬಾಯಿಗೆ ಅಷ್ಟೇ ಅವಸರ. ತೀರಿಹೋದ ಅಮ್ಮನ ಹಳೆಯ ಬೈಬಲನ್ನು ರಿಪೇರಿಗೆ ಕೊಟ್ಟಿದ್ದ ನರ್ಸ್, ಕೆಲಸ ಎಲ್ಲಿಗೆ ಬಂತು ಎಂದು ನೋಡುವ ನೆಪದಲ್ಲಿ ವಾರಕ್ಕೆರಡು ಸಲ ಅಂಗಡಿಗೆ ಬರುತ್ತಿದ್ದಳು. ಅವಳು ಬರುವ ದಿನ ಅವನು ಇಸ್ತ್ರಿ ಮಾಡಿದ ಶರ್ಟ್ ಹಾಕುತ್ತಿದ್ದ. ಅದನ್ನು ಕಂಡು ಅವಳು ತುಟಿಯಂಚಿನಲ್ಲೇ ನಗು ಬಚ್ಚಿಟ್ಟುಕೊಳ್ಳುತ್ತಿದ್ದಳು.

"ಅಂಟು ಮೆತ್ತಿಕೊಳ್ಳೋಕೆ ಹೊಸ ಶರ್ಟೇ ಬೇಕಿತ್ತಾ?"

"ಹಳೇದಕ್ಕೆ ಅಂಟು ಹಿಡಿಯಲ್ಲ ರೀ."

ಒಂದು ಸಂಜೆ ಅವಳು ನಗಲಿಲ್ಲ. "ಅಮ್ಮ ಹೋದ್ಮೇಲೆ ಆ ಮನೆಗೆ ಹೋಗೋಕೇ ಮನಸ್ಸಾಗಲ್ಲ. ಒಂದೊಂದ್ಸಲ..."

"ಊರು ಬದಲಾಯಿಸಿ," ಎಂದ ಅವನು, ಮಾತು ಮುಗಿಯುವ ಮೊದಲೇ. "ದೂರದಲ್ಲಿ ಎಲ್ಲಾದ್ರೂ ಕೆಲಸ ನೋಡಿ. ಜಾಗ ಬದಲಾದ್ರೆ ಮನಸ್ಸು ತಾನಾಗೇ ಹಗುರ ಆಗುತ್ತೆ." ದೊಡ್ಡ ಉಪಕಾರ ಮಾಡಿದೆನೆಂದೇ ಮಹರಾಯನ ಎಣಿಕೆ.

ಅವಳು ಒಂದು ಕ್ಷಣ ಅವನನ್ನೇ ನೋಡಿದಳು. "ಸರಿ," ಎಂದು ಎದ್ದು ಹೋದವಳು ಮೂರು ವಾರ ಈ ಕಡೆ ತಲೆ ಹಾಕಲಿಲ್ಲ.

ಬೈಬಲಿನ ಬಿಡಿ ಹಾಳೆಗಳನ್ನು ಹೊಂದಿಸುವಾಗ, ಅವಳ ಅಮ್ಮ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ ಪುಟವೊಂದು ಅವನಿಗೆ ಸಿಕ್ಕಿತು. ಎಲ್ಲವನ್ನೂ ಕಳೆದುಕೊಂಡ ಒಬ್ಬನ ಬಳಿಗೆ ಗೆಳೆಯರು ಬಂದು, ಅವನ ದುಃಖ ಕಂಡು, ಏಳು ದಿನ ತುಟಿ ಬಿಚ್ಚದೆ ನೆಲದ ಮೇಲೆ ಕೂತಿದ್ದರಂತೆ. ಅವರು ಎಡವಿದ್ದು ಬಾಯಿ ತೆರೆದ ಮೇಲೆ. ತನಗೆ ಏಳು ನಿಮಿಷವೂ ತಡೆಯಲಾಗಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಪುಸ್ತಕ ಒಯ್ಯಲು ಅವಳು ಬಂದಾಗ ಕೈಯಲ್ಲಿ ಸೂಟ್‌ಕೇಸ್ ಇತ್ತು.

"ಅವತ್ತು ನೀವು ಹೇಳ್ತಿದ್ದದ್ದನ್ನ ಪೂರ್ತಿ ಹೇಳಿ," ಎಂದ. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡ.

ಅವಳು ಹೊಸ ರಟ್ಟನ್ನು ಸವರಿದಳು. "ಒಂದೊಂದ್ಸಲ ನಿಮ್ಮ ಅಂಗಡೀನೇ ನನ್ನ ಮನೆ ಅನ್ಸುತ್ತೆ ಅಂತ ಹೇಳೋಳಿದ್ದೆ. ನೀವು ಊರು ಬಿಡಿ ಅಂದ್ರಿ. ಅದೇ ನಿಮ್ಮ ಉತ್ತರ ಅಂದ್ಕೊಂಡೆ. ಎರಡು ವರ್ಷದ ಕೆಲಸಕ್ಕೆ ಸೈನ್ ಮಾಡಿಬಿಟ್ಟೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಕಣ್ಣು ತುಂಬಿ ಬಂತು. "ನೀವಂದ್ರೆ ನಂಗೆ ಪ್ರಾಣ. ಈಗ ನಾನೇನು ಮಾಡ್ಲಿ?"

ಅವಳು ಯಾವ ಬುದ್ಧಿಯನ್ನೂ ಹೇಳಲಿಲ್ಲ. ಸೂಟ್‌ಕೇಸನ್ನು ಗೋಡೆಗೆ ಒರಗಿಸಿ, ಸ್ಟೂಲ್ ಎಳೆದುಕೊಂಡು ಅವನೆದುರು ಕೂತಳು.

"ಹೇಳಿ," ಎಂದಳು. "ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ."