ಕುದಿಯದ ನೀರು

ಟಿಕ್.

ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಿಂದ ಆ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್. ಶಾಲಿನಿ ಎದ್ದು ಹೋಗಿ ದೀಪ ಹಾಕಿದಳು. ಹಳೆಯ ಡಿಶ್‌ವಾಷರ್‌ನ ಬಾಗಿಲ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಂಜನಗೂಡಿನ ಯಾವುದೋ ಕಾರ್ಖಾನೆಯ ವಿದೇಶಿ ಅಧಿಕಾರಿ ಊರು ಬಿಡುವಾಗ ಮಾರಿದ್ದನ್ನು ಅತ್ತೆ ಮಂಚಮ್ಮ ಕೊಂಡಿದ್ದರಂತೆ. ಅದು ಓಡಿದರೆ ಅಡುಗೆಮನೆಯೆಲ್ಲ ಹಬೆ. ಕರೆಂಟ್ ಬಿಲ್ಲು ಬಂದಾಗಲೆಲ್ಲ ಗಂಡ ರವಿಚಂದ್ರನ ಗೊಣಗಾಟ.

ಬೆಳಿಗ್ಗೆ ಮಂಚಮ್ಮ ಮಗಳ ಬಾಣಂತನಕ್ಕೆಂದು ದೇವನೂರಿಗೆ ಹೊರಟು ನಿಂತಿದ್ದರು. ನರಸೀಪುರದ ಅಂಗಡಿಯವರು ಹೊಸ ಮಾಡೆಲ್ ತರಿಸಿಕೊಡುತ್ತಾರೆ, ಹಳೆಯದನ್ನು ಕೊಟ್ಟರೆ ಇನ್ನೂ ಅಗ್ಗ ಎಂದಳು ಶಾಲಿನಿ.

“ಅದ್ರಲ್ಲಿ ನೀರು ಕುದೀತದಾ?”

“ಬೆಚ್ಚಗಾಗುತ್ತೆ ಅತ್ತೆ. ಅದಕ್ಕೇ ಕಡಿಮೆ ರೇಟು.”

“ಬ್ಯಾಡ ಕಣವ್ವ. ಅಮಾಸೆ ದಿನ ಈ ಮನೇಲಿ ಉಂಡ ತಟ್ಟೆ ಕುದಿಯೋ ನೀರಲ್ಲೇ ಬೇಯ್ಬೇಕು. ಮೊದ್ಲು ಅಂಡೇಲಿ ಬೇಯಿಸ್ತಿದ್ದೆ. ಆಮ್ಯಾಕೆ ಈ ಮಿಷಿನ್ ತಂದೆ.”

“ಯಾಕತ್ತೆ, ತಟ್ಟೆಗೂ ಎಣ್ಣೆನೀರಾ?”

ಮಂಚಮ್ಮ ನಗಲಿಲ್ಲ. “ಬಾಯಿಬಿಟ್ಟು ಏಳೋ ಅಂಥದ್ದಲ್ಲ. ನಾ ಏಳಿದಂಗೆ ಮಾಡು.”

ಗಂಡ, ಮಗಳೊಂದಿಗೆ ಮೈಸೂರಿನಿಂದ ಈ ಮನೆಗೆ ಬಂದು ನೆಲೆಸಿ ಇನ್ನೂ ವರ್ಷವಾಗಿರಲಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ಶಾಲಿನಿಗೆ ಸೋಪು ಏನನ್ನು ತೆಗೆಯುತ್ತದೆ, ಹೇಗೆ ತೆಗೆಯುತ್ತದೆ ಎಂಬುದು ಗೊತ್ತಿತ್ತು. ಆ ವಾರವೇ ಹಳೆಯದು ಹೋಯಿತು, ಹೊಸದು ಬಂತು. ಪುಟ್ಟದು, ಬೆಳ್ಳಗಿನದು, ಸದ್ದೇ ಇಲ್ಲದ್ದು.

ಅಮಾವಾಸ್ಯೆಯ ಊಟದ ತಟ್ಟೆಗಳನ್ನು ಅದರಲ್ಲೇ ತೊಳೆದಳು. ಬಾಗಿಲು ತೆರೆದಾಗ ಸೋಪಿನ ವಾಸನೆ ಇರಲಿಲ್ಲ. ಹಸಿ ಅರಿಶಿನದ ವಾಸನೆ. ಅದರ ಅಡಿಯಲ್ಲಿ, ಸುಟ್ಟ ಕೂದಲಿನದು. ತಟ್ಟೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಮಗಳು ಕವನಳ ಸಣ್ಣ ತಟ್ಟೆಯ ಅಂಚಿನಲ್ಲಿ ಮಾತ್ರ ಸಾಸಿವೆಯಷ್ಟು ಕರಿ ಚುಕ್ಕೆ. ಉಜ್ಜಿದಳು, ಹೋಯಿತು. ಒರೆಸಿಡುವಾಗ ನೋಡಿದರೆ ಚುಕ್ಕೆ ಎದುರಿನ ಅಂಚಿನಲ್ಲಿತ್ತು.

ಮರುದಿನ ಕವನ ತುತ್ತನ್ನು ಉಗಿದಳು. “ಅಮ್ಮಾ, ಅನ್ನದ ತುಂಬಾ ಕೂದ್ಲು.”

ಅನ್ನದಲ್ಲಿ ಕೂದಲಿರಲಿಲ್ಲ. ಶಾಲಿನಿ ಬಿಡಿಸಿ ಬಿಡಿಸಿ ನೋಡಿದಳು. ಆಮೇಲೆ ಮಗು ಹಾಲನ್ನೂ ಬಿಟ್ಟಿತು. ಕೆನ್ನೆ ಇಳಿಯಿತು, ಮಣಿಕಟ್ಟಿನ ಬಳೆ ಮೊಣಕೈವರೆಗೂ ಜಾರತೊಡಗಿತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಏನೂ ಇಲ್ಲವೆಂದು ಟಾನಿಕ್ ಬರೆದರು.

ಏನೂ ಇಲ್ಲದಿದ್ದರೆ ಮಗು ಯಾಕೆ ಹೀಗಾಗುತ್ತದೆ? ಅಮಾವಾಸ್ಯೆಯ ದಿನ ಪಕ್ಕದ ಮನೆಯ ಗೋವಿಂದಮ್ಮ ಕಜ್ಜಾಯ ಕೊಟ್ಟಿದ್ದಳು. ಉಳಿದ ಕಜ್ಜಾಯವನ್ನು ಶಾಲಿನಿ ಪುಡಿ ಮಾಡಿ ಬಿಸಿಲಿಗೆ ಹಿಡಿದು ನೋಡಿದಳು. ಬೆಲ್ಲ, ಅಕ್ಕಿ, ಎಳ್ಳು. ಅನುಮಾನ ಅಲ್ಲಿಂದ ಸರಿದು ಅತ್ತೆಯ ಮೇಲೆ ಕೂತಿತು. ಮೊದಲೇ ಹೇಳಿದವರಿಗೆ ಮೊದಲೇ ಗೊತ್ತಿರಬೇಕಲ್ಲ? ದೇವನೂರಿಗೆ ಫೋನು ಮಾಡಿದಳು.

ಮುಂದಿನ ಬಸ್ಸಿಗೇ ಬಂದ ಮಂಚಮ್ಮ ಕೈಚೀಲ ಕೆಳಗಿಡದೆ ಬಿಳಿ ಮಿಷಿನ್ನನ್ನು ನೋಡಿದರು. ಮೊಮ್ಮಗಳನ್ನು ನೋಡಿದರು. ಗೋಡೆಗೆ ಒರಗಿ ಕೂತರು.

“ನಮ್ಮತ್ತೆ ಮದ್ದು ಆಕೋಳು ಕಣೆ. ಅನ್ನದಲ್ಲಿ ಮಾಟದ ಪುಡಿ ಕಲಸಿ ಇಕ್ಕೋಳು. ತಿಂದೋರು ಸೊರಗಿ ಸೊರಗಿ ಓಗೋರು. ಅವ್ಳು ಸತ್ಲು, ಮದ್ದು ಸಾಯ್ನಿಲ್ಲ. ಅಮಾಸೆ ಅಮಾಸೆಗೂ ಈ ಮನೆ ಎಂಜಲಿಗೆ ಬತ್ತದೆ. ಬೇಯಿಸುದ್ರೆ ಆ ತಿಂಗಳಿಗೆ ಅಡಗ್ತದೆ.”

“ಈಗ ಬೇಯಿಸ್ತೀನಿ ಅತ್ತೆ. ಈಗಲೇ.”

“ಬಾಯಿ ಸಿಕ್ಬುಡ್ತಲ್ಲ ಅದಕ್ಕೆ. ಇನ್ನು ಬೆಂಕೀಗೂ ಬಗ್ಗಲ್ಲ.”

“ಮತ್ತೆ?”

ಮಂಚಮ್ಮ ಬುಟ್ಟಿಯಲ್ಲಿದ್ದ ಕವನಳ ತಟ್ಟೆಯತ್ತ ನೋಡಿದರು. “ಇನ್ನೊಂದು ಬಾಯಿ ಬೇಕು. ನನ್ನದಾಗಿದ್ರೆ ಈಗ್ಲೇ ಉಣ್ತಿದ್ದೆ. ಮನೆಯೋರು ಸಲ್ಲಲ್ಲ. ಒರಗಿನೋರು ಆ ತಟ್ಟೇಲಿ ಉಣ್ಬೇಕು. ನಾವು ಕರ್ದು ಇಕ್ಕಂಗಿಲ್ಲ, ಅವ್ರೇ ಕೇಳ್ಬೇಕು.”

“ಛೇ, ಏನತ್ತೆ ಇದು!” ಎಂದಳು ಶಾಲಿನಿ. ತಟ್ಟೆಯನ್ನು ಮಾತ್ರ ಬಿಸಾಡಲಿಲ್ಲ.

ಮಾರನೆಯ ಬೆಳಿಗ್ಗೆ ಕವನ ನೀರನ್ನೂ ಕಕ್ಕಿದಳು. ನಾಲಿಗೆ ಕಪ್ಪಾಗಿತ್ತು. ಆಸ್ಪತ್ರೆಗೆ ಕಾರು ತರಲು ರವಿಚಂದ್ರ ಓಡಿದ. ಒಲೆಯ ಮೇಲೆ ಉಪ್ಪಿಟ್ಟು ಹಾಗೇ ಆರುತ್ತಿತ್ತು. ಹಿತ್ತಿಲ ಬಾಗಿಲಲ್ಲಿ ನೆರಳು.

“ಮಗು ಎಂಗದೆ ಕಣವ್ವ?” ಗೋವಿಂದಮ್ಮ ಒಳಗೆ ಬಂದು ಕೂತಳು. ಮೂಗು ಅರಳಿಸಿದಳು. “ಉಪ್ಪಿಟ್ಟಾ? ನನ್ ಸೊಸೆ ಕಾಫಿ ಬಿಟ್ರೆ ಬ್ಯಾರೆ ಏನೂ ಮಾಡಾಕಿಲ್ಲ. ನಂಗೂ ಒಂಚೂರು ಆಕವ್ವ.”

ಶಾಲಿನಿ ನಿಂತಳು. ಒಳಕೋಣೆಯಲ್ಲಿ ಮಗುವಿನ ಉಸಿರು ಗೊರಗೊರ. ಮಂಚಮ್ಮ ಮುಖ ತಿರುಗಿಸಿದರು. ಬುಟ್ಟಿಯಲ್ಲಿ ಬೇರೆ ತಟ್ಟೆಗಳಿದ್ದವು. ಕೈ ಅವುಗಳನ್ನು ದಾಟಿತು. ಸಣ್ಣ ತಟ್ಟೆ ಕೈಗೆ ಬಂತು. ತಣ್ಣಗಿತ್ತು. ಬಡಿಸಿದಳು. ಚಮಚ ಇಟ್ಟಳು. ಕೊಟ್ಟಳು.

ಗೋವಿಂದಮ್ಮ ತಿಂದಳು. ಒಂದು ತುತ್ತು. ಇನ್ನೊಂದು. ಉಪ್ಪಿಟ್ಟಿನ ಕೆಳಗಿಂದ ಕರಿ ಚುಕ್ಕೆ ಹೊರಬಂತು. ಚಮಚದ ಕಡೆ ಹರಿಯಿತು. ಹತ್ತಿತು. ಬಾಯಿ ತೆರೆಯಿತು. ಮುಚ್ಚಿತು.

“ಉಪ್ಪು ಒಂಚೂರು ಕಮ್ಮಿ,” ಎಂದಳು ಗೋವಿಂದಮ್ಮ.

ಒಳಗಿನಿಂದ ಸಣ್ಣ ದನಿ ಕೇಳಿತು. “ಅಮ್ಮಾ, ಹಸಿವು.”

ಟಾನಿಕ್ ಕೆಲಸ ಮಾಡಿತು ಎಂದ ರವಿಚಂದ್ರ. ಶಾಲಿನಿ ಹೌದೆಂದಳು.

ವಾರ ಕಳೆಯುವ ಮೊದಲು ಗೋವಿಂದಮ್ಮನ ಸೊಸೆ ಮಧುಶ್ರೀ ಬಾಗಿಲಿಗೆ ಬಂದಳು. ಕಣ್ಣು ಬಾತಿದ್ದವು. “ಅತ್ತೆ ಅನ್ನ ಮುಟ್ತಿಲ್ಲಕ್ಕ. ಬಾಯಿ ತುಂಬ ಕೂದ್ಲು ಅಂತಾರೆ. ನಿಮ್ ಪಾಪುನ ಯಾವ ಡಾಕ್ಟ್ರು ನೋಡಿದ್ದು? ಏನಾಗಿತ್ತಂತೆ?”

ಶಾಲಿನಿ ಅವಳ ಮುಖ ನೋಡಿದಳು. ಹಿಂದೆ ಕವನ ಮತ್ತೊಂದು ದೋಸೆಗೆ ಗಲಾಟೆ ಮಾಡುತ್ತಿದ್ದಳು. ಹೇಳಿದರೆ ಅದು ಎಲ್ಲಿಗೆ ತಿರುಗಿ ಬರುತ್ತದೋ ಯಾರಿಗೆ ಗೊತ್ತು. ಗಂಡನಿಗೆ ಹೇಳುವುದಿಲ್ಲ, ತಾಯಿಗಿಲ್ಲ, ಈ ಹುಡುಗಿಗಂತೂ ಇಲ್ಲವೇ ಇಲ್ಲ.

“ಅಜೀರ್ಣ ಅಂದ್ರು,” ಎಂದಳು, ಡಾಕ್ಟರ ವಿಳಾಸವನ್ನು ನಿಧಾನವಾಗಿ, ತಪ್ಪಿಲ್ಲದಂತೆ ಹೇಳಿ, ಬಾಗಿಲು ಮುಚ್ಚಿದಳು.