ಎರಡು ಕಡೆ ಇಳಿದು ಹತ್ತಬೇಕು

"ಅಲ್ಲಿಗೆ ನೇರ ವಿಮಾನ ಇದೆಯಾ?"

ಊರಿನ ಹೆಸರು ಹೇಳಿ ಅವನು ಕೇಳಿದ್ದೇ ತಡ, ಕೌಂಟರಿನ ಹಿಂದಿದ್ದ ಅವಳ ಕೈಯ ಪೆನ್ನು ಅಲ್ಲೇ ನಿಂತಿತು. ಎದುರು ರಸ್ತೆಯ ಕನ್ನಡಕದಂಗಡಿಯವನು ಈ ಟಿಕೆಟ್ ಆಫೀಸಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಹಿಂದಿನ ವಾರವಷ್ಟೇ ಸಡಿಲವಾಗಿದ್ದ ಅವಳ ಕನ್ನಡಕದ ಕಡ್ಡಿ ಬಿಗಿ ಮಾಡಿ, ತಾನೇ ಅವಳ ಕಿವಿಗೇರಿಸಿ, "ಈಗ ಸರಿಯಾಗಿ ಕಾಣ್ತಿದೀನಾ?" ಎಂದಿದ್ದ. ಅಂದಿನಿಂದ ಅವಳಿಗೆ ಅವನ ಹೊರತು ಬೇರೇನೂ ಸರಿಯಾಗಿ ಕಾಣುತ್ತಿರಲಿಲ್ಲ.

ಅಂಥವನು ಸಮುದ್ರದಾಚೆಯ ಊರಿಗೆ ದಾರಿ ಕೇಳುತ್ತಿದ್ದಾನೆ. ಅಂಗಡಿ ಮುಚ್ಚಿ ಹೊರಟೇ ಬಿಡುತ್ತಾನಾ...?

ಏಳು ಸಾವಿರ ಕಿಲೋಮೀಟರ್, ನೇರ ಹಾರಿದರೆ ಒಂಬತ್ತು ಗಂಟೆ. ಕಂಪ್ಯೂಟರಿನಲ್ಲಿ ಸ್ಪಷ್ಟವಾಗಿಯೇ ಇತ್ತು.

"ಎರಡು ಕಡೆ ಇಳಿದು ಹತ್ತಬೇಕು," ಎಂದಳು. "ಒಟ್ಟು ಇಪ್ಪತ್ತಾರು ಗಂಟೆ."

ಅಂಥ ಸುತ್ತುಬಳಸಿನ ದಾರಿಯೂ ಇತ್ತಲ್ಲ, ಪೂರ್ತಿ ಸುಳ್ಳೇನಲ್ಲ ಎಂದು ತನ್ನನ್ನೇ ಸಮಾಧಾನಪಡಿಸಿಕೊಂಡಳು. ಅವನ ಮುಖ ಸಪ್ಪಗಾಯಿತು. ಅವಳಿಗೆ ಪಾಪ ಅನ್ನಿಸಿತು, ಒಳಗೊಳಗೇ ಖುಷಿಯೂ ಆಯಿತು.

ಮುಂದಿನ ತಿಂಗಳೂ ಬಂದ. ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಬಂದಾಗ ಮಾತ್ರ, ಆಫೀಸಿನ ಒಡತಿಯಾದ ಅವಳ ಚಿಕ್ಕಮ್ಮ ಹಿಂದಿನ ಮೇಜಿನಿಂದ ತಲೆಯೆತ್ತಿದರು.

"ಏನೇ ಇದು, ದಿನಾ ಬೆಳಿಗ್ಗೆ ನೇರ ವಿಮಾನ ಇದೆಯಲ್ಲೇ. ನಿನ್ನೆ ತಾನೇ ನೀನೇ ಯಾರಿಗೋ ಟಿಕೆಟ್ ಮಾಡ್ಕೊಟ್ಟೆ. ಒಂಬತ್ತೇ ಗಂಟೆ ಕಣಪ್ಪಾ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಇಬ್ಬರ ಮುಖ ನೋಡಿದ ಚಿಕ್ಕಮ್ಮ, ಕಾಫಿಯ ನೆಪ ಹೇಳಿ ಒಳಗೆ ಹೋದರು.

"ಗೊತ್ತಿದ್ದೂ ಹೇಳಲಿಲ್ವಾ?"

"ಹೇಳಿದ್ರೆ ನೀವು ಹೋಗಿಬಿಡ್ತೀರ ಅಂತ..." ಅವಳು ಕೀಬೋರ್ಡು ಹತ್ತಿರ ಎಳೆದುಕೊಂಡಳು. "ನೀವು ಹೋಗೋದು ನನಗೆ ಬೇಡವಾಗಿತ್ತು. ತಪ್ಪಾಯ್ತು. ತಾರೀಕು ಹೇಳಿ, ಈಗಲೇ ಮಾಡ್ಕೊಡ್ತೀನಿ."

"ನಾನು ಹೋಗ್ತಿಲ್ಲ. ಅಲ್ಲಿಂದ ನಮ್ಮಮ್ಮ ಬರಬೇಕು. ಅಕ್ಕನ ಮನೇಲಿದಾರೆ. ಮಂಡಿನೋವು, ಎರಡು ಕಡೆ ಇಳಿದು ಹತ್ತೋಕಾಗಲ್ಲ ಅಂತ ಮುಂದೂಡ್ತಾನೇ ಇದಾರೆ. ನಾನು ನೋಡಿದ್ರೆ, ಒಂದು ಹುಡುಗೀನ ನೋಡೋಕೆ ಬಾಮ್ಮಾ ಅಂತ ಕರೀತಾನೇ ಇದೀನಿ."

"ಯಾವ ಹುಡುಗಿ?" ಅವಳ ದನಿ ಸಣ್ಣಗಾಯಿತು.

"ಎದುರು ರಸ್ತೆಯವಳು. ಕೆಲಸದಲ್ಲಿ ಬಲು ಚುರುಕು ಅಂತ ಅಮ್ಮನ ಹತ್ರ ಹೊಗಳಿದ್ದೆ. ಆ ಮಾತು ಈಗ ವಾಪಸ್ ತಗೋಬೇಕು."

ಅಂದರೆ ಇಷ್ಟು ದಿನ ಅವಳು ತಡೆದದ್ದು ತನ್ನದೇ ಮದುವೆಯ ಮಾತನ್ನು! ನಗಬೇಕೋ ಅಳಬೇಕೋ ತಿಳಿಯದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ವಿಮಾನ ಇದೆಯಾ ಅಂತ ಫೋನಲ್ಲೇ ನೋಡ್ಕೋಬಹುದಿತ್ತಲ್ಲ ನೀವು?"

"ಫೋನಲ್ಲಿ ನೀವು ಕಾಣ್ತಿರಲಿಲ್ವಲ್ಲ."

"ಮೊದಲು ನನ್ನನ್ನ ಕೇಳಬೇಕು ಅನ್ನಿಸಲಿಲ್ವಾ?"

"ಅನ್ನಿಸ್ತು. ಧೈರ್ಯ ಸಾಲಲಿಲ್ಲ... ಈಗ ಕೇಳ್ತಿದೀನಿ."

ಅವಳು ಕಂಪ್ಯೂಟರಿನತ್ತ ತಿರುಗಿದಳು. ಈ ಸಲ ಸರಿಯಾದ ವಿಮಾನವನ್ನೇ ಆರಿಸಿದಳು.

"ಅತ್ತೆಗೆ ಮುಂದಿನ ಸಾಲಲ್ಲಿ ಸೀಟು ಹಾಕ್ತಿದೀನಿ. ಕಾಲು ಚಾಚೋಕೆ ಜಾಗ ಇರುತ್ತೆ."

"ಏನಂದ್ರಿ? ಅತ್ತೆ ಅಂದ್ರಾ?"

"ನೇರ ದಾರಿ ಇರುವಾಗ ಸುತ್ತಿ ಯಾಕೆ ಹೋಗ್ಬೇಕು?" ಎಂದಳು ಅವಳು, ತಲೆ ತಗ್ಗಿಸಿ ನಗುತ್ತಾ.